ಹಿಂದಿನ ಮನೆಯ ಮಾಲೀಕರು

ಹಲೋ… ಹಲೋ, ಯಾರು ಮಾತಾಡ್ತಿರೋದು? … ಯಾರು? … ಗಿರಾಕಿನಾ? ಗಿರಾಕಿ ಯಾಕ್ರೀ ಅಂಗಡಿಯವರ ಫೋನ್ ಎತ್ತಿದ್ರಿ? … ಓ, ಹೊಡ್ಕೋತಾನೇ ಇತ್ತಾ. ಸರಿ, ಅಂಗಡಿಯವರು ಎಲ್ಲಿ? … ಒಳಗೆ ಕಣ್ಣು ಪರೀಕ್ಷೆ ಮಾಡ್ತಿದಾರಾ? ಒಂದು ಉಪಕಾರ ಮಾಡಿ, ನಿಮ್ಮ ಅಣ್ಣನ ಮಗಳು ಫೋನ್ ಮಾಡಿದಾಳೆ, ವಿದೇಶದಿಂದ, ಅರ್ಜೆಂಟಂತೆ ಅಂತ ಕೂಗಿ ಹೇಳಿ. … ಅಯ್ಯೋ, ನಿಮ್ಮ ಕನ್ನಡಕ ಯಾವತ್ತು ಸಿಗುತ್ತೆ ಅಂತ ನನಗೆ ಹೇಗ್ರೀ ಗೊತ್ತಾಗಬೇಕು?

… ಹಾಂ, ಚಿಕ್ಕಪ್ಪ, ನಾನೇ. … ತಿಂಡಿ ಆಯ್ತು. … ಆಯ್ತು ಅಂದ್ನಲ್ಲ. ಆಸ್ಪತ್ರೇಲೇ ಇದೀನಿ. ವ್ಯಾಯಾಮದ ಕೋಣೇಲಿ, ಕುರ್ಚಿ ಇಲ್ಲ, ಒಂದು ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತು ಮಾತಾಡ್ತಿದೀನಿ. ಇನ್ನು ಇಪ್ಪತ್ತು ನಿಮಿಷಕ್ಕೆ ಮೊಣಕಾಲು ಆಪರೇಷನ್ ಆದ ಅಜ್ಜ ಬರ್ತಾರೆ, ಅವರನ್ನ ನಡೆಸಬೇಕು. ಅಷ್ಟರಲ್ಲಿ ನಿಮ್ಮನ್ನ ದಾರಿಗೆ ತರಬೇಕು. ಅಜ್ಜನೇ ಸುಲಭ.

… ನಗಬೇಡಿ. ನಿನ್ನೆ ನಿಮಗೆ ಒಂದು ಉದ್ದ ನಂಬರಿನಿಂದ ಫೋನ್ ಬಂದಿತ್ತಾ? ಒಬ್ಬ ಹೆಂಗಸು, ಇಂಗ್ಲಿಷಲ್ಲಿ? … ಬಂದಿತ್ತಲ್ವಾ? … ತುಂಬಾ ಒಳ್ಳೆ ಹೆಂಗಸಾ? ನನ್ನ ಬಗ್ಗೆ ಅಷ್ಟೆಲ್ಲ ವಿಚಾರಿಸಿದ್ಲಾ? … ಚಿಕ್ಕಪ್ಪ, ಅವಳು ನನ್ನ ಗೆಳತಿ ಅಲ್ಲ. ಮನೆ ಬಾಡಿಗೆಗೆ ಕೊಡಿಸೋ ಏಜೆಂಟು. ಸೊಂಟದಲ್ಲಿ ನಲವತ್ತು ಬೀಗದ ಕೈ ಕಟ್ಕೊಂಡು ಓಡಾಡ್ತಾಳೆ, ನಾನು ಬೀಗದಮ್ಮ ಅಂತ ಹೆಸರಿಟ್ಟಿದೀನಿ. ನೀವು ಅವಳಿಗೆ ಏನು ಹೇಳಿದ್ರಿ? ಒಂದೊಂದೇ ಹೇಳಿ.

… ಬೇಡ, ನಾನೇ ಓದ್ತೀನಿ. ಅವಳು ಬರೆದು ಕಳಿಸಿದಾಳೆ. ಕೇಳಿ. ‘ಹಿಂದಿನ ಮನೆಯ ಮಾಲೀಕರ ಹೇಳಿಕೆ ಪ್ರಕಾರ ನೀವು ನಾಲ್ಕು ವರ್ಷದಲ್ಲಿ ಒಂದು ಸಲವೂ ಬಾಡಿಗೆ ಕೊಟ್ಟಿಲ್ಲ.’ ಹೇಳಿದ್ರಾ? … ಎದೆ ತಟ್ಕೊಂಡು ಹೇಳಿದ್ರಾ? ಸರಿ. ‘ಮನೆ ಬಿಟ್ಟು ಏಳು ತಿಂಗಳಾದರೂ ನಿಮ್ಮ ಸಾಮಾನು ಅಲ್ಲೇ ಇದೆ.’ ಹಾಂ? … ನನ್ನ ಮಂಚ ಇದೆ ನಿಜ, ಅದನ್ನ ಅವಳಿಗೆ ಯಾಕೆ ಹೇಳಬೇಕಿತ್ತು? ‘ಒಂದು ಮದುವೆ ಸಮಯದಲ್ಲಿ ಆ ಕೋಣೆಯಲ್ಲಿ ಹದಿನಾಲ್ಕು ಜನ ಮಲಗಿದ್ದರು.’ … ಚಿಕ್ಕಪ್ಪ! ಅವಳು ಕೇಳಿದ್ದು ಇವರು ಮನೇನ ಹೇಗೆ ಇಟ್ಕೋತಾರೆ ಅಂತ! ನೀವು ಹೇಳಿದ್ದು ನಮ್ಮ ಹುಡುಗಿ ಎಲ್ಲರನ್ನೂ ಸೇರಿಸ್ಕೊಂಡು ಹೋಗ್ತಾಳೆ ಅಂತ!

… ಹೊಗಳಿದ್ದು ಅಂತ ನನಗೆ ಗೊತ್ತು. ಅವಳಿಗೆ ಗೊತ್ತಾಗಬೇಕಲ್ಲ. ಅವಳ ಲೆಕ್ಕದಲ್ಲಿ ನಾನೀಗ ನಾಲ್ಕು ವರ್ಷ ಬಿಟ್ಟಿ ಕೂತು, ಹದಿಮೂರು ಜನರನ್ನ ಒಳಗೆ ಬಿಟ್ಕೊಂಡು, ಬೀಗ ಹಾಕಿ ಪರಾರಿಯಾದೋಳು. ಕೊನೇ ಸಾಲು ಕೇಳಿ, ಇದು ಚೆನ್ನಾಗಿದೆ. ‘ಇಷ್ಟಾದರೂ ನೀವು ಹೋಗಿದ್ದಕ್ಕೆ ಮಾಲೀಕರು ಅಳುತ್ತಿರುವಂತೆ ಕೇಳಿಸಿತು, ದಯವಿಟ್ಟು ವಿವರಿಸಿ.’ ಏನಂತ ವಿವರಿಸಲಿ?

… ಶೀತ ಆಗಿತ್ತಾ? ಆಯ್ತು ಬಿಡಿ, ಶೀತಾನೇ.

… ಫಾರಮ್ಮಲ್ಲಿ ನಿಮ್ಮನ್ನ ಯಾಕೆ ಮಾಲೀಕರು ಅಂತ ಬರೆದೆ ಅಂದ್ರೆ, ಇಲ್ಲಿ ಹಿಂದಿನ ಮಾಲೀಕ ಬಾಯಿ ಬಿಟ್ಟು ಒಳ್ಳೇ ಮಾತು ಹೇಳದೆ ನಾಯಿಗೂಡೂ ಸಿಗಲ್ಲ. ನಾನು ಹುಟ್ಟಿದಾಗಿಂದ ಬಾಡಿಗೆ ಮನೇಲಿ ಇದ್ದೋಳೇ ಅಲ್ಲ. ಮೊದಲು ಅಪ್ಪನ ಮನೆ, ಆಮೇಲೆ ಗಂಡನ ಮನೆ, ಅದು ಮುರಿದ ಮೇಲೆ ನಿಮ್ಮ ಮಹಡಿ ಕೋಣೆ. ಇನ್ಯಾರ ಹೆಸರು ಕೊಡಲಿ? ಆ ಮಹಾರಾಯಂದು ಕೊಡ್ಲಾ? ಅವನು ನನ್ನ ಬಗ್ಗೆ ಹೇಳೋ ಒಳ್ಳೇ ಮಾತು ಕೇಳಿದ್ರೆ ಜೈಲಲ್ಲೂ ಜಾಗ ಸಿಗಲ್ಲ.

… ಹಾಂ? … ಅದನ್ನೂ ಅವಳು ಓದಿ ಹೇಳಿದ್ಲಾ? … ಹೌದು. ಫಾರಮ್ಮಲ್ಲಿ ಒಂದು ಕಾಲಮ್ ಇತ್ತು, ಮಾಲೀಕರಿಗೂ ನಿಮಗೂ ಏನು ಸಂಬಂಧ ಅಂತ. … ಹೌದು, ಯಾವುದೂ ಇಲ್ಲ ಅಂತ ಬರೆದೆ. … ಚಿಕ್ಕಪ್ಪ… ಚಿಕ್ಕಪ್ಪ, ಕೇಳಿ. ಸಂಬಂಧಿಕರು ಹೇಳಿದ ಮಾತನ್ನ ಅವರು ಲೆಕ್ಕಕ್ಕೆ ತಗೊಳ್ಳಲ್ಲ, ಅದಕ್ಕೇ. ಬರೀವಾಗ ನನಗೇನು ಕೈ ಕುಣೀತಿತ್ತು ಅಂದ್ಕೊಂಡ್ರಾ? … ಇಲ್ಲ. … ಇಲ್ಲ, ಹಾಗಲ್ಲ. … ಬೈರಿ, ಬೈದು ಬಿಡಿ, ಗಿರಾಕಿ ಮುಂದೆನೇ ಬೈರಿ.

… ಬೇರೆ ಮನೆ ನೋಡೋದಾ? ಊರಲ್ಲಿ ಇನ್ನು ಮನೇನೇ ಇಲ್ವಾ ಅಂತೀರಾ? ಇವೆ. ಸಾವಿರ ಇವೆ. ನಾನು ಇಪ್ಪತ್ತಾರು ನೋಡಿದೀನಿ, ಇಪ್ಪತ್ತಾರೂ ನನ್ನನ್ನ ನೋಡಿವೆ. ಒಂದು ಮನೆಗೆ ಹೋದ್ರೆ ಮೂರನೇ ಮಹಡಿಯಿಂದ ಬೀದಿವರೆಗೆ ಸಾಲು, ಪ್ರತಿಯೊಬ್ಬರ ಕೈಯಲ್ಲೂ ಫೈಲು. ಒಂದು ಜೋಡಿ ಕೇಕ್ ಬೇಯಿಸ್ಕೊಂಡು ಬಂದಿತ್ತು. ಇನ್ನೊಬ್ಬ ತನ್ನ ನಾಯಿಯ ನಡತೆ ಬಗ್ಗೆ ಸರ್ಟಿಫಿಕೇಟ್ ತಂದಿದ್ದ. ಆ ನಾಯಿಗೆ ಸಿಕ್ತು ಮನೆ, ನಿಜವಾಗಲೂ! ನಾನು ಏನು ಮಾಡಿದೆ ಗೊತ್ತಾ? ಬಾಗಿಲಲ್ಲಿ ಅಭ್ಯಾಸ ಬಲದಿಂದ ಚಪ್ಪಲಿ ಬಿಟ್ಟೆ. ಹಿಂದಿದ್ದೋರೆಲ್ಲ ಇದೇನೋ ಇಲ್ಲಿನ ನಿಯಮ ಅಂದ್ಕೊಂಡು ಬಿಟ್ರು. ಮೂವತ್ತು ಜೊತೆ ಬೂಟು ಮೆಟ್ಟಿಲ ಮೇಲೆ. ಮಾಲೀಕ ಅದರಲ್ಲಿ ಎಡವಿ ಬಿದ್ದ. ಅಲ್ಲಿಗೆ ಮುಗೀತು ಆ ಮನೆ ಋಣ.

… ನಗ್ತೀರಾ! ನಗ್ರಿ ಪರವಾಗಿಲ್ಲ. ಇನ್ನೊಂದು ಕೇಳಿ. ‘ಬೆಳಕು ತುಂಬಿದ ಕೋಣೆ’ ಅಂತ ಜಾಹೀರಾತು. ಹೋಗಿ ನೋಡಿದ್ರೆ ಕಿಟಕಿ ಎದುರಿಗೆ ಒಂದು ಗೇಣು ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಬೆಳಕು ಎಲ್ಲಿ ಸ್ವಾಮಿ ಅಂದ್ರೆ ಸ್ವಿಚ್ ತೋರಿಸಿದ! ಮತ್ತೊಂದು ಕಡೆ ಅಡುಗೆಮನೇನೇ ಇಲ್ಲ. ಬರೀ ಗೋಡೇಲಿ ನಲ್ಲಿ ಪೈಪು. ಹಿಂದಿದ್ದೋರು ಸಿಂಕು, ಒಲೆ, ಕಪಾಟು ಎಲ್ಲ ಬಿಚ್ಕೊಂಡು ಹೋಗಿದಾರೆ, ಪುಣ್ಯಕ್ಕೆ ಗೋಡೆ ಬಿಟ್ಟಿದಾರೆ. ಆ ಮನೆಯ ಮುದುಕಿ ನನ್ನ ಮುಖ ನೋಡಿ ಕೇಳಿದ ಮೊದಲ ಪ್ರಶ್ನೆ ಏನು ಹೇಳಿ? … ಉದ್ಯೋಗ ಅಲ್ಲ. … ಸಂಬಳಾನೂ ಅಲ್ಲ. ‘ನೀವು ವಾಸನೆ ಬರೋ ಅಡುಗೆ ಮಾಡ್ತೀರಾ?’ ಒಲೆ ಇಲ್ಲದ ಮನೇಲಿ! ನಾನೆಂದೆ, ಅಮ್ಮಾ, ಬೇಯಿಸಿದ ಮೇಲೆ ಅನ್ನಕ್ಕೂ ವಾಸನೆ ಬರುತ್ತೆ, ಬರದೇ ಇದ್ರೆ ಅದು ಪ್ಲಾಸ್ಟಿಕ್ಕು ಅಂತ. … ಹೂಂ, ಅದೂ ಹೋಯ್ತು.

… ಬಾಯಿ ಹತೋಟಿಲಿ ಇಟ್ಕೋಬೇಕಾ? ಇಟ್ಕೊಂಡೂ ನೋಡಿದೀನಿ. ಫೋನ್ ಮಾಡಿ ಮನೆ ಇದೆಯಾ ಅಂತೀನಿ, ಇದೆ ಬನ್ನಿ ಅಂತಾರೆ. ಹೆಸರು ಕೇಳ್ತಾರೆ, ಹೇಳ್ತೀನಿ. ಆ ಕಡೆ ಒಂದು ಸಲ ಉಸಿರು ಎಳ್ಕೊಳ್ಳೋದು ಕೇಳಿಸುತ್ತೆ, ‘ಅಯ್ಯೋ, ಈಗಷ್ಟೇ ಹೋಯ್ತು.’ ಹತ್ತು ನಿಮಿಷ ಬಿಟ್ಟು ನನ್ನ ಜೊತೆ ಕೆಲಸ ಮಾಡೋಳು, ಇಲ್ಲಿಯವಳೇ, ಅದೇ ನಂಬರಿಗೆ ಮಾಡ್ತಾಳೆ. ಮನೆ ವಾಪಸ್ ಬಂದಿರುತ್ತೆ! ಯಾವಾಗ ಬರ್ತೀರಿ, ಕಾಫಿ ಕುಡೀತೀರಾ ಅಂತಾರೆ. ನನ್ನ ಹೆಸರಿಗೆ ಅಂಥ ಶಕ್ತಿ ಚಿಕ್ಕಪ್ಪ, ಕಟ್ಟಡಾನೇ ಮಾಯ ಮಾಡುತ್ತೆ.

… ಈಗ ನಾನಿರೋದು ಆ ಜೊತೆ ಕೆಲಸದವಳ ಮನೆ ಹಾಲಲ್ಲೇ. ಸೋಫಾ ಮೇಲೆ. ಸೋಫಾ ಅವಳ ಬೆಕ್ಕಿಂದು, ನಾನು ಒಳಬಾಡಿಗೆ. … ಅವಳೇನೂ ಅನ್ನಲ್ಲ, ಬೆಕ್ಕು ಅನ್ನುತ್ತೆ.

… ಹಾಂ, ವಿಷಯಕ್ಕೆ ಬರ್ತೀನಿ. ಬೀಗದಮ್ಮನ ಮನೆ ಬೇರೆ ಥರ. ಎರಡು ಕೋಣೆ, ಎರಡಕ್ಕೂ ನಿಜವಾದ ಕಿಟಕಿ. ಕೆಳಗೆ ಬೇಕರಿ, ಎದುರಿಗೆ ಶಾಲೆ. ಒಲೆ ಇದೆ! ಹೆಸರು ಕೇಳಿದ ಮೇಲೂ ಮನೆ ಮಾಯ ಆಗ್ಲಿಲ್ಲ. ಬೀಗದಮ್ಮ ನನ್ನ ಮುಖ ನೋಡಿಯೇ ಮಾತಾಡಿದ್ಲು, ಅಷ್ಟಕ್ಕೇ ಅಳು ಬಂತು ನನಗೆ. ಬರೀ ನಿಮ್ಮ ಒಂದು ಮಾತು ಬಾಕಿ. ಪುಟ್ಟಿನ ನಿಮ್ಮ ಹತ್ರದಿಂದ ಇಲ್ಲಿಗೆ ಕರೆಸ್ಕೊಳ್ಳೋ ಕಾಗದಪತ್ರಕ್ಕೆ ಕಚೇರೀಲಿ ಸೋಮವಾರ ತಾರೀಕು ಕೊಟ್ಟಿದಾರೆ ಅಂತ ಹೇಳಿದ್ದೆನಲ್ಲ? ಮನೆ ಕರಾರು ಪತ್ರ ತೋರಿಸಬೇಕು, ಮಗೂಗೆ ಬೇರೆ ಕೋಣೆ ಇದೆ ಅಂತ ತೋರಿಸಬೇಕು. ಇಲ್ದಿದ್ರೆ ಮುಂದಿನ ತಾರೀಕು ಎಂಟು ತಿಂಗಳು ಬಿಟ್ಟು. ಎಂಟು! ಬೆಕ್ಕಿನ ಸೋಫಾ ತೋರಿಸಿದ್ರೆ ಮಗೂನ ಕಳಿಸ್ತಾರಾ?

… ಅದಕ್ಕೇ, ಕಾಲು ಹಿಡಿದು ಕೇಳ್ಕೊಂಡೆ, ಚಿಕ್ಕ ತಪ್ಪಾಗಿದೆ, ಇನ್ನೊಂದು ಸಲ ಅವರಿಗೆ ಫೋನ್ ಮಾಡಿ ಅಂತ. ಒಪ್ಪಿದಾಳೆ. ನಿಮ್ಮ ನಾಲ್ಕು ಗಂಟೆಗೆ ಮಾಡ್ತಾಳೆ. ಈಗೆಷ್ಟು? … ಇನ್ನು ಹನ್ನೆರಡು ನಿಮಿಷ. ನೀವು ಹೇಳಬೇಕಾಗಿರೋದು ಒಂದೇ ಒಂದು. ನಿನ್ನೆ ನನಗೆ ಪ್ರಶ್ನೆ ಸರಿಯಾಗಿ ಅರ್ಥ ಆಗ್ಲಿಲ್ಲ, ಇವರು ನಮ್ಮ ಬಾಡಿಗೆದಾರರು, ಪ್ರತಿ ತಿಂಗಳೂ ಸರಿಯಾಗಿ ಬಾಡಿಗೆ ಕೊಡ್ತಿದ್ರು. ಅಷ್ಟೇ. ಕಣ್ಣು ಪರೀಕ್ಷೆಗೆ ಬಳಸೋ ಇಂಗ್ಲಿಷೇ ಸಾಕು.

… ಹೇಳಲ್ವಾ?

… ಮನೆ ಮಗಳ ಹತ್ರ ಬಾಡಿಗೆ ತಗೊಂಡೆ ಅಂತ ಬಾಯಲ್ಲಿ ಬರಲ್ಲ… ಹೂಂ. … ಚಿಕ್ಕಮ್ಮ ಕೇಳಿದ್ರೆ ಊಟ ಹಾಕಲ್ಲ… ಹೂಂ. … ನಾಳೆ ಅಪ್ಪನ ಫೋಟೋ ಮುಂದೆ ಹೇಗೆ ನಿಂತ್ಕೊಳ್ಳೋದು… ಚಿಕ್ಕಪ್ಪ, ಅಪ್ಪನ ಫೋಟೋಗೆ ಇಂಗ್ಲಿಷ್ ಬರಲ್ಲ! ಆಣೆಗೂ ಬರಲ್ಲ! ಕೇಳ್ತಿರೋದು ಯಾರೋ ಗುರುತಿಲ್ಲದ ಹೆಂಗಸು, ಅವಳೇನು ಬೀದೀಲಿ ಡಂಗುರ ಸಾರ್ತಾಳಾ?

… ಸರಿ, ಸುಳ್ಳು ಬೇಡ. ಭಾನುವಾರ ಭಾನುವಾರ ಅಂಗಡೀಲಿ ಕೂತಿದ್ದೆನಲ್ಲ, ಕನ್ನಡಕ ಒರೆಸಿ ಇಡ್ತಿದ್ದೆನಲ್ಲ? ಅದನ್ನೇ ಬಾಡಿಗೆ ಅಂದ್ಕೊಂಡು ಹೇಳಿ. … ಅದು ಇನ್ನೂ ಅವಮಾನಾನಾ? ಮಗಳ ಕೈಲಿ ದುಡಿಸ್ಕೊಂಡೆ ಅಂದ ಹಾಗಾಗುತ್ತಾ? ಅಯ್ಯೋ ದೇವರೇ! ಇಪ್ಪತ್ತಾರು ಮನೆ ಮಾಲೀಕರು ನನ್ನನ್ನ ಪರಕೀಯಳು ಅಂತ ಹೊರಗೆ ನಿಲ್ಲಿಸಿದ್ರು. ನೀವೊಬ್ಬರು ನಮ್ಮವಳು ಅಂತ ಹೇಳಿ ಹೊರಗೆ ನಿಲ್ಲಿಸ್ತಿದೀರಾ.

… ಏನು? … ಅವಸರ ಏನು ಅಂದ್ರಾ? ಎಂಟು ತಿಂಗಳು ಹೇಗೂ ಕಳೆಯುತ್ತೆ? … ಪುಟ್ಟಿ ಅಲ್ಲಿ ಚೆನ್ನಾಗೇ ಇದಾಳೆ, ಗೊತ್ತು. … ಹೂಂ, ಹಲ್ಲು ಬಿತ್ತಂತೆ, ಹೇಳಿದ್ಲು. … ಹೊಸ ಯೂನಿಫಾರಂ ಹಾಕ್ಕೊಂಡು ಕನ್ನಡಿ ಮುಂದೆ… ತಡೀರಿ. ಯಾವ ಯೂನಿಫಾರಂ?

… ಯಾವ ಶಾಲೆ?

… ಯಾವಾಗ ಸೇರಿಸಿದ್ರಿ? … ಹೋದ ತಿಂಗಳಾ. ನನಗೆ ಯಾಕೆ ಹೇಳಲಿಲ್ಲ? … ಮರೆತ್ರಾ? ನೀವು? ಮೂವತ್ತು ವರ್ಷದ ಹಿಂದಿನ ಗಿರಾಕಿಯ ಕನ್ನಡಕದ ನಂಬರ್ ಬಾಯಿಪಾಠ ಹೇಳೋರು, ಮರೆತ್ರಾ?

… ಚಿಕ್ಕಪ್ಪ, ನನ್ನ ಮೇಲಾಣೆ, ಒಂದು ಪ್ರಶ್ನೆ. ನಿನ್ನೆ ಆ ಹೆಂಗಸು ಏನು ಕೇಳ್ತಿದಾಳೆ ಅಂತ ನಿಮಗೆ ಚೆನ್ನಾಗಿ ಅರ್ಥ ಆಗಿತ್ತು. ಅಲ್ವಾ? … ಅಲ್ವಾ? … ಹೇಳಿ.

… ಹೂಂ.

… ಇಲ್ಲ, ಅಳ್ತಿಲ್ಲ. ಚೆಂಡು ಜಾರ್ತಾ ಇದೆ, ಅದಕ್ಕೆ ಧ್ವನಿ ಹಾಗೆ. … ಚಿಕ್ಕಮ್ಮ ರಾತ್ರಿ ಪುಟ್ಟಿ ಕೈ ಹಿಡ್ಕೊಂಡೇ ಮಲಗ್ತಾರೆ ಅಂತ ಗೊತ್ತು ನನಗೆ. ಪುಟ್ಟಿ ಅವರನ್ನ ಅಮ್ಮ ಅಂತ ಕರೀತಾಳೆ, ನಾನು ಫೋನ್ ಮಾಡಿದಾಗ ಮಾತ್ರ ನೀವು ಪಕ್ಕದಿಂದ ತಿದ್ತೀರಿ. ಅದೂ ಗೊತ್ತು. ಕೇಳಿಸುತ್ತೆ ಚಿಕ್ಕಪ್ಪ. ಮೊನ್ನೆ ಪುಟ್ಟಿ ನನ್ನನ್ನ ಕೇಳಿದ್ಲು, ‘ನೀವು ಯಾವಾಗ ನಮ್ಮನೆಗೆ ಬರ್ತೀರಿ?’ ಅಂತ. ನೀವು ಅಂದ್ಲು ನನ್ನನ್ನ. ನೆಂಟರಿಗೆ ಮಾತಾಡೋ ಹಾಗೆ. ಎಂಟು ತಿಂಗಳು ಬಿಟ್ಟು ಏನಂತ ಕರೀತಾಳೆ?

… ನಿಮ್ಮ ಮೇಲೆ ಸಿಟ್ಟಿದೆ. ಇಲ್ಲ ಅಂತ ಸುಳ್ಳು ಹೇಳಲ್ಲ, ತುಂಬಾ ಸಿಟ್ಟಿದೆ. ಆದ್ರೆ ನನ್ನ ಕೈಲಿ ಏನೂ ಇಲ್ಲದೆ ಬಂದಾಗ ಬಾಗಿಲು ತೆಗೆದೋರು ನೀವೇ, ಒಂದು ಕಾಗದಾನೂ ಕೇಳದೆ. ಅದಕ್ಕೇ ಇಷ್ಟು ಕಷ್ಟ. ಬೇರೆ ಯಾರಾದ್ರೂ ಆಗಿದ್ರೆ ಬೈದು ಫೋನ್ ಇಡ್ತಿದ್ದೆ. … ನನಗೆ ನನ್ನ ಮಗಳು ಬೇಕು ಚಿಕ್ಕಪ್ಪ.

… ಹಿಂದೆ ಏನದು ಸದ್ದು? … ಗಿರಾಕಿನ ಹೊರಗೆ ಕಳಿಸಿದ್ರಾ? ಬಾಗಿಲು ಯಾಕೆ ಹಾಕ್ತಿದೀರಾ? … ಹಾಂ? … ಉದ್ದ ನಂಬರ್ ಬರ್ತಿದೆಯಾ? ಅವಳೇ! ಎತ್ತಿ, ಇದನ್ನ ಬಿಟ್ಟು ಅದನ್ನ ಎತ್ತಿ. … ಇನ್ನೇನು ಕೇಳೋದಿದೆ? ಬೇಗ ಹೇಳಿ.

… ಏನಂದ್ರಿ?

… ತಿಂಗಳಿಗೆ ಎಷ್ಟು ತಗೋತಿದ್ದೆ ಅಂತ ಹೇಳಲಿ… ಅಂತಾ?

… ಚಿಕ್ಕಪ್ಪ… ಇರಿ, ಇರಿ… ನಾನು ಅದನ್ನ ಯೋಚನೇನೇ ಮಾಡಿಲ್ಲ… ಆ ಕೋಣೆಗೆ… ಚಿಕ್ಕಮ್ಮನ ಊಟಕ್ಕೆ, ಪುಟ್ಟಿಗೆ ಜ್ವರ ಬಂದಾಗ ನೀವು ಹೊತ್ಕೊಂಡು ಓಡಿದ್ದಕ್ಕೆ… ಎಷ್ಟು ಅಂತ ಹೇಳಲಿ ನಾನು… ಏನಾದ್ರೂ ಹೇಳಿ, ಕಡಿಮೆ ಮಾತ್ರ ಹೇಳಬೇಡಿ… ಚಿಕ್ಕಪ್ಪ? … ಹಲೋ? … ಹಲೋ…