ಹಳೇ ಮಾಳಿಗೆಯ ಹಕ್ಕಿ

...ಇಲ್ಲಪ್ಪ, ಪಾರಿವಾಳ ಕೇಳೋಕೆ ಬಂದಿಲ್ಲ ನಾನು. ಮೊದಲೇ ಹೇಳಿಬಿಡ್ತೀನಿ. ಕೂತ್ಕೋ ರೆಷಿತ್, ನಾನೇನು ಕ್ಲಾಸಿಗೆ ಬಂದಿದ್ದೀನಾ, ಎದ್ದು ನಿಲ್ಲೋಕೆ? ಕಾಫಿ ಕುಡಿಯೋಕೆ ಬಂದಿದ್ದೀನಿ. ಮದುವೆಯಾಗಿ ಬಂದಾಗಿನಿಂದ ಪಕ್ಕದ ಮನೇಲಿದ್ದವಳು. ಈಗ ಊರಾಚೆ ಗುಡ್ಡದ ಮೇಲೆ ಫ್ಲಾಟಿಗೆ ಹೋದೆ ಅಂತ ಹಳೇ ನೆರೆಯವನನ್ನ ನೋಡೋಕೆ ಬರಬಾರದಾ? ... ಯಾಕೆ ನಗ್ತೀಯ?

ಮೀಸೆ ಒಳಗೆ ನಕ್ಕರೆ ಕಾಣಲ್ಲ ಅಂದ್ಕೊಂಡಿದ್ದೀಯ. ನಿನ್ನ ಮಕ್ಕಳಿಗೆಲ್ಲ ಫಿಸಿಕ್ಸ್ ಕಲಿಸಿದವಳು ನಾನು. ಬೆಂಚಿನ ಕೆಳಗೆ ತಲೆ ಹಾಕಿ ನಗ್ತಿದ್ದರು, ಥೇಟ್ ನಿನ್ನ ಹಾಗೆ. ಆಗಲೂ ಕಾಣ್ತಿತ್ತು.

ಕೊಡು ಇತ್ತ. ಅಬ್ಬಬ್ಬ, ಏನು ಕಹಿ! ನಿಮ್ಮಪ್ಪ ಕಾಯಿಸಿಟ್ಟಿದ್ದನ್ನೇ ಇನ್ನೂ ಬಿಸಿ ಮಾಡಿ ಕೊಡ್ತಿದ್ದೀಯ ಅನ್ಸುತ್ತೆ. ಗೊತ್ತು, ಗೊತ್ತು, ಬಟ್ಟಲನ್ನ ನೆಲಕ್ಕಿಡಬಾರದು, ಕೊಟ್ಟವನ ಕೈಗೇ ವಾಪಸ್ ಕೊಡಬೇಕು. ನೆಲಕ್ಕಿಟ್ಟರೆ ಕಾಫಿ ಕೊಟ್ಟವನಿಗೆ ಮದುವೆ ಮಾಡಿಸಬೇಕು. ಈ ವಯಸ್ಸಲ್ಲಿ ನಿನಗೆ ಹೆಣ್ಣು ಹುಡುಕೋ ಗ್ರಹಚಾರ ನನಗೆ ಬೇಡ. ಕೆಳಗಿರೋ ನಿನ್ನ ಹೆಂಡತಿ ಜೆಲ್ಹಾ ಒಪ್ಪಿದರೂ ನಾನು ಒಪ್ಪಲ್ಲ. ಕೈಯಲ್ಲೇ ಇಟ್ಕೋತೀನಿ.

ಆ ಬುಟ್ಟಿ ಯಾರಿಗೆ? ಅದೇ, ಮೆಟ್ಟಿಲ ಬಾಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದೀಯಲ್ಲ. ಹತ್ತಿ ಬರುವಾಗ ಎಡವಿ ಬೀಳ್ತಿದ್ದೆ. ಸಂತೆಗಾ? ... ಹೇಳಬೇಡ ಬಿಡು. ಹಕ್ಕಿ ಸಾಕೋರ ಗುಟ್ಟು ಕಟ್ಕೊಂಡು ನನಗೇನಾಗಬೇಕು.

ಮನೆ ಯಾಕೆ ಮಾರಿದಿರಿ ಅಂತ ಎಲ್ಲರೂ ಕೇಳ್ತಾರೆ, ನೀನು ಮಾತ್ರ ಕೇಳಲಿಲ್ಲ. ಹೇಳ್ತೀನಿ ಕೇಳು. ನನ್ನ ಮಂಡಿ. ಈ ಕಲ್ಲಿನ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಹೋಯ್ತು. ಅಲ್ಲಿ ಲಿಫ್ಟ್ ಇದೆ, ಗುಂಡಿ ಒತ್ತಿದರೆ ಆಯ್ತು... ಏನು ನೋಡ್ತೀಯ? ಹೌದು, ನಿನ್ನ ಮೆಟ್ಟಿಲು ಹತ್ತಿದೆ. ಒಂದೇ ಉಸಿರಿಗೆ ಹತ್ತಿದೆ. ಮಂಡಿ ನೋವು ದಿನಾ ಇರಲ್ಲ. ಇವತ್ತು ಅದಕ್ಕೆ ರಜೆ.

ಬೋಜಾನಾ? ಗುಂಡುಕಲ್ಲಿನ ಹಾಗಿದ್ದಾನೆ ನಮ್ಮ ಗಂಡಪ್ಪ. ದಿನಾ ಸಂಜೆ ಮಾಳಿಗೆ ಹತ್ತೋದು, ತುದಿಗೆ ಕಪ್ಪು ಬಟ್ಟೆ ಕಟ್ಟಿದ ಕೋಲು ಬೀಸೋದು, ಹಕ್ಕಿ ಎಬ್ಬಿಸೋದು. ನಿನಗೆ ಸಲಾಮು ಹೇಳು ಅಂದ... ಇಲ್ಲ, ಸುಳ್ಳು. ನಿನ್ನ ಹೆಸರೆತ್ತಿದರೆ ಉಗುಳ್ತಾನೆ, ನಿನಗೆ ಗೊತ್ತಿಲ್ಲದ್ದಾ? ಮೀಸೆ ಚಿಗುರೋ ವಯಸ್ಸಲ್ಲಿ ಶುರುವಾದ ನಿಮ್ಮ ಯುದ್ಧ. ಮನೆ ಬದಲಾಯಿಸಿದ ಮಾತ್ರಕ್ಕೆ ನಿಲ್ಲುತ್ತಾ?

ಅದೆಂಥ ಯುದ್ಧವೋ! ನಿನ್ನ ಮಾಳಿಗೇಲಿ ಅವನ ಹಕ್ಕಿ ಇಳಿದರೆ ನಿನ್ನದು, ಅವನ ಮಾಳಿಗೇಲಿ ನಿನ್ನದು ಇಳಿದರೆ ಅವನದು. ಕೇಳೋ ಹಾಗಿಲ್ಲ, ಕೊಡೋ ಹಾಗಿಲ್ಲ. ನಮ್ಮ ಈ ಉರ್ಫಾ ಊರಿನ ಗಂಡಸರು ಹೆಂಡತಿ ಹತ್ತಿರ ಸಾಲ ಕೇಳಿಯಾರು, ಹಿಡಿದುಕೊಂಡ ಹಕ್ಕಿ ವಾಪಸ್ ಕೇಳಲ್ಲ. ವಾಪಸ್ ಬರೋದು ಯಾವಾಗ ಹೇಳು? ಹಾರಿಸೋನು ಸತ್ತಾಗ. ಇಲ್ಲಾ, ಇನ್ನು ನನ್ನ ಕೈಲಾಗಲ್ಲ ಅಂತ ಕೋಲು ಕೆಳಗಿಟ್ಟಾಗ. ಆಗ ಅವನಿಂದ ಹಿಡಿದದ್ದನ್ನೆಲ್ಲ ಮರ್ಯಾದೆಯಾಗಿ ಮನೆಗೆ ಮುಟ್ಟಿಸ್ತೀರಿ. ಬದುಕಿರೋವಾಗ ಕದಿಯೋದು, ಸತ್ತ ಮೇಲೆ ಮರ್ಯಾದೆ! ಇದಕ್ಕೆ ಯಾವ ಸೂತ್ರ ಅಂತ ಯೂನಿವರ್ಸಿಟೀಲಿ ನನಗೆ ಹೇಳಿಕೊಡಲಿಲ್ಲ.

ಗೂಡು ಸಾಗಿಸಿದ ಕಥೆ ಕೇಳಿದ್ದೀಯಾ? ಕೇಳು, ನಗ್ತೀಯ. ದಾರಿ ಗೊತ್ತಾಗಬಾರದು ಅಂತ ಬುಟ್ಟಿಗಳಿಗೆಲ್ಲ ಕಪ್ಪು ಬಟ್ಟೆ. ವ್ಯಾನನ್ನ ಊರ ಸುತ್ತ ಗಾಣದೆತ್ತಿನ ಹಾಗೆ ಸುತ್ತಿಸಿದ್ದು. ಸಾಲದು ಅಂತ ಬುಟ್ಟಿ ತಳಕ್ಕೆ ಅಯಸ್ಕಾಂತ. ಹಕ್ಕಿಗಳು ಭೂಮಿಯ ಕಾಂತಶಕ್ತಿ ನೋಡಿ ದಾರಿ ಹಿಡೀತಾವಲ್ಲ, ಅವಕ್ಕೆ ತಲೆ ತಿರುಗಲಿ ಅಂತ. ಹೊಸ ಮಾಳಿಗೇಲಿ ಬುಟ್ಟಿ ಬಾಯಿ ತೆಗೆದರೆ... ವ್ಯಾನಿನವನು ಒಂದು ಟೀ ಮುಗಿಸಿರಲಿಲ್ಲ, ಎಲ್ಲವೂ ಇಲ್ಲಿ, ನಿನ್ನ ಪಕ್ಕದ ನಮ್ಮ ಹಳೇ ಮಾಳಿಗೇಲಿ! ಸಾಲಾಗಿ ಕೂತು ಗರಿ ತಿದ್ದಿಕೊಳ್ತಿವೆ. ತಲೆ ತಿರುಗಿದ್ದು ಡ್ರೈವರಿಗೆ ಮಾತ್ರ.

ನಗು, ನಗು. ಏನು? ಬೋಜಾನ್‌ಗೂ ಅಯಸ್ಕಾಂತಕ್ಕೂ ಏನು ಸಂಬಂಧ ಅಂತಾ? ... ಸರಿ ಮಾರಾಯ, ಅದು ನನ್ನ ಸಲಹೆ. ಸಲಹೆ ಮಾತ್ರ.

ಅವತ್ತಿನ್ನೂ ಮನೆ ಬೀಗದ ಕೈ ನಮ್ಮಲ್ಲೇ ಇತ್ತು, ನಾನೇ ಬಂದು ಹಿಡಿದು ತುಂಬಿಕೊಂಡು ಹೋದೆ. ಒಂದು ಮಾತು ಕೇಳಲಾ? ಅವತ್ತು ನೀನು ಈ ಗೋಡೆ ಪಕ್ಕ ಕೂತು ನೋಡ್ತಿದ್ದೆ. ನಿನ್ನ ಹಿಂಡು ಎಬ್ಬಿಸಿದ್ದರೆ ನಮ್ಮವೂ ಅದರ ಜೊತೆ ಸೇರಿ ಇಲ್ಲೇ ಇಳಿದು ಅರ್ಧಕ್ಕರ್ಧ ನಿನ್ನದಾಗ್ತಿತ್ತು. ಎಬ್ಬಿಸಲಿಲ್ಲ. ಯಾಕೆ? ... ಹಲ್ಲಾ? ಹಲ್ಲು ನೋಯ್ತಿತ್ತಾ? ನನ್ನ ಮಂಡಿಗೂ ನಿನ್ನ ಹಲ್ಲಿಗೂ ಒಳ್ಳೇ ಜೋಡಿ.

ಆಮೇಲೆ ಅಡ್ಡದಾರಿ ಬಿಟ್ಟಾಯ್ತು. ರೆಕ್ಕೆಯ ದೊಡ್ಡ ಗರಿಗಳಿಗೆ ದಾರ ಸುತ್ತಿ ಕಟ್ಟೋದು, ಹಾರೋಕಾಗಬಾರದು, ನೋಯಲೂಬಾರದು. ಮಾಳಿಗೆ ಮೇಲೆ ಬಲೆ ಹೊಡೆದ ಗೂಡಲ್ಲಿ ಕೂರಿಸೋದು. ನೋಡಲಿ ಸುಮ್ಮನೆ. ನೀರಿನ ಟ್ಯಾಂಕು, ಡಿಶ್ಶು, ಎದುರು ಬಿಲ್ಡಿಂಗಿನವಳು ಒಣಹಾಕಿದ ಚಾದರ... ಇನ್ನು ಇದೇ ನಮ್ಮೂರು ಅಂತ ಹಣೆಬರಹ ಒಪ್ಪಿಕೊಳ್ಳೋವರೆಗೂ ನೋಡಲಿ. ಅರೆಹೊಟ್ಟೆ ಕಾಳು, ಅದೂ ಡಬ್ಬ ಅಲ್ಲಾಡಿಸಿ ಹಾಕೋದು, ಆ ಸದ್ದು ಅಂದ್ರೆ ಊಟ ಅಂತ ತಲೆಗೆ ಹೋಗಲಿ. ಕೆಲವಕ್ಕೆ ಹಳೇ ಜೋಡಿ ಬಿಡಿಸಿ ಹೊಸ ಜೋಡಿ ಕಟ್ಟೋದು. ಹೊಸ ಜಾಗದಲ್ಲಿ ಮೊಟ್ಟೆ ಇಟ್ಟರೆ ಕಾಲು ನಿಲ್ಲುತ್ತಂತೆ. ದಾರ ಕಟ್ಟುವಾಗ ನನ್ನ ಬೆರಳು ನೋಡಬೇಕಿತ್ತು ನೀನು, ದಾರಕ್ಕೇ ಹೇಗೆ ಸಿಕ್ಕಿಹಾಕಿಕೊಳ್ತಿತ್ತು... ಬೋಜಾನ್ ಬೆರಳು. ಬೋಜಾನ್ ಬೆರಳು ಅಂದೆ. ವಯಸ್ಸಾಯ್ತಲ್ಲ ಅವನಿಗೂ.

ಕಡೆಗೊಂದು ದಿನ ದಾರ ಬಿಚ್ಚಿ, ಹಸಿದ ಹೊಟ್ಟೇಲಿ, ಇನ್ನೇನು ಸೂರ್ಯ ಇಳಿಯುತ್ತೆ ಅನ್ನೋವಾಗ ಬಿಟ್ಟಿದ್ದು. ದೂರ ಹೋಗೋಕೆ ಬೆಳಕಿಲ್ಲ ನೋಡು. ಮೇಲೆ ಹೋದವು, ಒಂದು ಸುತ್ತು, ಎರಡು ಸುತ್ತು... ಡಬ್ಬ ಅಲ್ಲಾಡಿಸಿದ್ದೇ ತಡ, ಲಾಗ ಹಾಕ್ತಾ ಹಾಕ್ತಾ ಇಳಿದವು. ಕೈ ಬಿಟ್ಟ ಚೆಂಡಿನ ಹಾಗೆ! ಒಂದಂತೂ ನನ್ನ ತಲೆ ಮೇಲೇ ಬಂದು ಕೂತಿತು. ... ಹೂಂ, ನಾನೂ ಅಲ್ಲೇ ಇದ್ದೆ. ಬಟ್ಟೆ ಒಣಹಾಕೋಕೆ ಹೋಗಿದ್ದೆ. ಸೂರ್ಯ ಮುಳುಗೋವಾಗ ಬಟ್ಟೆ ಒಣಹಾಕಬಾರದು ಅಂತ ಕಾನೂನಿದೆಯಾ?

ಸೆದೆಫ್ ಒಂದು ಒಪ್ಪಲಿಲ್ಲ. ಅದೇ ಮುತ್ತಿನಚಿಪ್ಪಿನ ಬಣ್ಣದ ಹೆಣ್ಣು ಹಕ್ಕಿ. ಕಾಳು ತಿಂದಿತು, ಮೊಟ್ಟೆ ಇಟ್ಟಿತು, ಒಳ್ಳೇ ಸೊಸೆಯ ಹಾಗೆ ನಟಿಸಿತು. ಆಮೇಲೊಂದು ದಿನ ಎದ್ದು ನೇರ ಇಲ್ಲಿಗೆ. ಇಲ್ಲೇನಿದೆ ಈಗ? ಮನೆ ತಗೊಂಡ ಹೋಟೆಲಿನವನು ಮಾಳಿಗೆ ತುಂಬ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾನೆ, ಗೂಡಿದ್ದ ಕಡೆ ಬಣ್ಣದ ದೀಪದ ಸರ. ಆ ಪೆದ್ದಿ ಹೋಗಿ ದೀಪದ ಮೇಲೆ ಕೂತು ಕಾಯ್ತಿತ್ತಂತೆ. ನೀನು ನಿನ್ನ ಹಿಂಡು ಎಬ್ಬಿಸಿ ಇಳಿಸಿಕೊಂಡೆ. ಹೋಟೆಲಿನ ಬೆಕ್ಕು ಹೊಂಚು ಹಾಕಿತ್ತು, ಅದಕ್ಕೇ ಇಳಿಸಿಕೊಂಡರು ಅಂತ ಜೆಲ್ಹಾ ಹೇಳಿದಳು. ಹೇಳ್ಲಿ. ಹಿಡಿದದ್ದು ಹಿಡಿದದ್ದೇ. ನಾವೇನೂ ಕೇಳ್ತಿಲ್ಲ. ಒಂದು ಹಕ್ಕಿ! ಕೊಯ್ದರೆ ಒಂದು ಮಗುವಿನ ಸಾರಿಗೂ ಸಾಲದು.

ಅದರ ಲಾಗ ಮಾತ್ರ... ನಿನಗೇನು ಹೇಳೋದು, ನೀನೇ ಕೇಳಿರ್ತೀಯ. ಏರುವಾಗ ಪ್ರತಿ ಲಾಗಕ್ಕೂ ರೆಕ್ಕೆ ಬಡಿದು ಚಪ್ಪಾಳೆ ಹೊಡೆಯುತ್ತೆ, ಟಪ್, ಟಪ್, ಟಪ್... ಕಣ್ಣು ಕಟ್ಟಿದರೂ ನಾನು ಸೆದೆಫನ್ನ ಗುರುತಿಸ್ತೀನಿ ಅಂತಿದ್ದ ಬೋಜಾನ್. ಅಂತಾನೆ. ಅಂತಿದ್ದ ಅಲ್ಲ, ಅಂತಾನೆ.

... ನಗು ಯಾಕೆ ನಿಂತಿತು?

ಏನು, ಆ ಕಡೆ ಏನು ನೋಡ್ತೀಯ? ಹೌದು, ಅದೇ ನಮ್ಮ ಬಿಲ್ಡಿಂಗು, ಗುಡ್ಡದ ಮೇಲಿನ ಕೊನೇದು. ಇಲ್ಲಿಂದ ಅಷ್ಟು ಚೆನ್ನಾಗಿ ಕಾಣುತ್ತಾ? ನಮ್ಮ ಕೋಲೂ ಕಾಣುತ್ತಾ? ... ನೇರಳೆ ಬಟ್ಟೆ. ಹೂಂ. ಕಪ್ಪು ಬಟ್ಟೆ ಗಾಳಿಗೆ ಹಾರಿಹೋಯ್ತು, ಕೈಗೆ ಸಿಕ್ಕಿದ್ದನ್ನ ಕಟ್ಟಿದ. ನನ್ನ ತಲೆವಸ್ತ್ರ. ಏನೀಗ? ಬೋಜಾನ್ ಹೆಂಗಸರ ಬಟ್ಟೆ ಕೋಲಿಗೆ ಕಟ್ಟೋನಲ್ಲ, ಕುತ್ತಿಗೆ ಕುಯ್ದರೂ ಕಟ್ಟಲ್ಲ ಅಂತೀಯಾ? ನೀನೇನೂ ಅನ್ನಲಿಲ್ಲ. ನಾನೇ ಅಂದೆ.

ರೆಷಿತ್, ಏನಾದರೂ ಮಾತಾಡು. ನೀನು ಸುಮ್ಮನಿದ್ದರೆ ನಾನು ಮಾತಾಡಬೇಕಾಗುತ್ತೆ, ನಾನು ಮಾತಾಡಿದರೆ ಹೀಗೇ ಆಗೋದು.

ಎಲ್ಲಿಗೆ ಎದ್ದೆ? ಬುಟ್ಟಿ ಅಲ್ಲೇ ಇರಲಿ, ಕಾಲಿಗೇನೂ ಅಡ್ಡ ಇಲ್ಲ... ನನ್ನ ಮುಂದೆ ಯಾಕೆ ಇಡ್ತೀಯ? ತೆಗಿ ಅದನ್ನ...

ಗೆಜ್ಜೆ.

ಸೆದೆಫ್ ಕಾಲಿನ ಈ ಗೆಜ್ಜೆ ನಾನು ಪೋಣಿಸಿದ್ದು. ನೀಲಿ ಮಣಿ ನಡುವೆ ಒಂದು ಬಿಳಿ ಮಣಿ. ನೀಲಿ ಮುಗಿದುಹೋಗಿತ್ತು... ನಾನು ಬರೋಕೆ ಮುಂಚೇನೇ ಬುಟ್ಟೀಲಿ ಕಟ್ಟಿಟ್ಟಿದ್ದೀಯ. ನಾನು ಎಡವಿದ್ದು ಇದನ್ನೇ. ನಿನಗೆ ಗೊತ್ತಿತ್ತು. ಅಯಸ್ಕಾಂತಕ್ಕೆ ನಗುವಾಗಲೂ ಗೊತ್ತಿತ್ತು.

ಬೋಜಾನ್ ಸತ್ತಿಲ್ಲ ಕಣೋ. ಹಾಗೆ ಟೋಪಿ ತೆಗೀಬೇಡ, ಹಾಕ್ಕೋ. ಎಡಗೈ, ಎಡಗಾಲು ಬಿದ್ದುಹೋಗಿವೆ. ಒಂದು ಬೆಳಗ್ಗೆ ಏಳೋಕೆ ಹೋದ, ಏಳೋಕಾಗಲಿಲ್ಲ. ಈ ಮೆಟ್ಟಿಲಲ್ಲಿ ಹೊತ್ತುಕೊಂಡು ಹತ್ತೋರು ಇಳಿಯೋರು ಯಾರು? ಅದಕ್ಕೇ ಫ್ಲಾಟು. ಮಂಚ ಕಿಟಕಿ ಪಕ್ಕ ಹಾಕಿದ್ದೀನಿ. ಆ ಮಾಳಿಗೆ ಅವನು ಒಂದು ಸಲವೂ ನೋಡಿಲ್ಲ. ದಾರ ಹೀಗೆ ಸುತ್ತು, ಕಾಳು ಇಷ್ಟು ಹಾಕು ಅಂತ ಮಲಗಿದಲ್ಲೇ ಬೈತಾನೆ, ಬೈಸಿಕೊಂಡು ಮಾಡ್ತೀನಿ.

ಸೆದೆಫ್ ಹೋದದ್ದು ಹೇಳಿಲ್ಲ. ಸಂಜೆ ಆದರೆ ಕೇಳ್ತಾನೆ, ಎಬ್ಬಿಸಿದೆಯಾ ಅದನ್ನ? ಈಗ ಎಬ್ಬಿಸ್ತೀನಿ ಅಂತೀನಿ. ಆಮೇಲೆ... ನಗಬೇಡ. ಆಮೇಲೆ ಮಾಳಿಗೆಗೆ ಹೋಗಿ, ಟ್ಯಾಂಕಿನ ಹಿಂದೆ ನಿಂತು, ಎರಡು ಚಪ್ಪಲಿ ಹಿಡಿದು ಬಡೀತೀನಿ. ಟಪ್, ಟಪ್, ಟಪ್. ಊರೆಲ್ಲ ಹೆದರೋ ಮುನಿರೆ ಟೀಚರು! ಮೊನ್ನೆ ಅಂತಾನೆ, ಈ ಹಕ್ಕಿ ಯಾಕೋ ದಪ್ಪ ಆಗಿದೆ, ಲಾಗ ಭಾರವಾಗಿ ಕೇಳುತ್ತೆ, ಕಾಳು ಕಮ್ಮಿ ಮಾಡು.

... ಬೇಡ. ನನ್ನ ಕಡೆ ತಳ್ಳಬೇಡ. ಕೇಳೋಕೇ ಬಂದಿದ್ದೆ, ಸರಿ, ಒಪ್ಪಿದೆ, ಹೇಗಾದರೂ ಮಾತಲ್ಲಿ ಮರುಳು ಮಾಡಿ ಒಯ್ಯೋಣ ಅಂತಲೇ ಬಂದಿದ್ದೆ. ಆದರೆ ಹೀಗೆ ಬೇಡ. ಬುಟ್ಟೀಲಿ ಹೋದರೆ ಏನರ್ಥ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಳೆ ನೋಡೋಕೆ ಬಂದೋನು ಯಾವನೋ ಬಾಯಿ ಬಿಡ್ತಾನೆ, ರೆಷಿತ್ ವಾಪಸ್ ಕೊಟ್ಟನಂತೆ ಅಂತ. ಅವತ್ತು ಬೋಜಾನ್ ಗೋಡೆ ಕಡೆ ತಿರುಗಿ ಮಲಗ್ತಾನೆ. ಮತ್ತೆ ಈ ಕಡೆ ತಿರುಗಲ್ಲ.

ಗೂಡಿಗೆ ಹಾಕು ಅದನ್ನ. ಕೊಡಬೇಡ, ಹಾರಿಸು. ನಾಳೆ ಸಂಜೆ ನಿನ್ನ ಹಿಂಡಿನ ಜೊತೆ ಎಬ್ಬಿಸು, ನಾನೂ ಎಬ್ಬಿಸ್ತೀನಿ. ಬಂದರೆ ಬೋಜಾನ್ ಗೆದ್ದ. ಬರದಿದ್ದರೆ ನಾಡಿದ್ದು. ಹೊಟ್ಟೆ ತುಂಬ ಕಾಳು ಹಾಕೇ ಬಿಡು, ಹಸಿವಲ್ಲಿ ಬಿಟ್ಟು ನನ್ನನ್ನ ಗೆಲ್ಲಿಸಿದೆ ಅಂತ ಗೊತ್ತಾಗಲಿ, ನಿನ್ನ ಮೊಮ್ಮಕ್ಕಳನ್ನ ಒಬ್ಬರನ್ನೂ ಪಾಸಾಗೋಕೆ ಬಿಡಲ್ಲ. ನಿನ್ನದೇನಾದರೂ ನಮ್ಮ ಮಾಳಿಗೇಲಿ ಇಳಿದರೆ ಕೊಡಲ್ಲ, ಈಗಲೇ ಹೇಳಿದ್ದೀನಿ.

ಅಯ್ಯೋ... ಬಟ್ಟಲು ನೆಲಕ್ಕಿಟ್ಟುಬಿಟ್ಟಿದ್ದೀನಿ. ಯಾವಾಗ ಇಟ್ಟೆ? ಜೆಲ್ಹಾಗೆ ಹೇಳಬೇಡ.

ನಾಳೆ ಕಪ್ಪು ಬಟ್ಟೆ ಕಟ್ತೀನಿ. ಆಗ ಯಾರಿಗೂ ಗೊತ್ತಾಗಲ್ಲ ಅಲ್ವಾ? ... ಯಾಕೆ ತಲೆ ಅಲ್ಲಾಡಿಸ್ತೀಯ? ಬಟ್ಟೆಯಿಂದ ಅಲ್ಲವಾ? ಮತ್ತೆ? ... ಕೋಲು ಯಾಕೆ ತಗೊಂಡೆ? ಬಲಗೈಲಿ... ಹೂಂ, ನಾನು ಹಾಗೇ ಬೀಸೋದು. ಈಗ ಎಡಗೈಗೆ ಯಾಕೆ ಬದಲಾಯಿಸ್ತೀಯ?

ಬೋಜಾನ್ ಎಡಚ.

ಹಾಗಾದರೆ ಮೊದಲನೇ ಸಂಜೆಯಿಂದಲೂ ನಿನಗೆ ಗೊತ್ತಿತ್ತು...

ಕೊಡು ಇತ್ತ. ಎಡಗೈಲಿ ಹೇಗೆ ಹಿಡಿಯೋದು? ಹೆಬ್ಬೆರಳು ಮೇಲಾ, ಕೆಳಗಾ? ಮಾತು ಬೇಡ, ಇಷ್ಟು ಹೊತ್ತು ಆಡಿಲ್ಲವಲ್ಲ. ತೋರಿಸು ಸಾಕು. ... ಹೀಗಾ?

ನಗಬೇಡ ಅಂದೆ.