ಇನ್ನೂ ಜೋರಿನದ್ದು ಕೊಡಿ

…ಇಲ್ಲ ಮೇಡಂ, ನೀವು ನಾನು ಹೇಳುವುದನ್ನು ಪೂರ್ತಿ ಕೇಳಿ. ಮೆಷಿನ್ನೇ ಸರಿ ಇಲ್ಲ. ಮಗುವಿನದ್ದು ತಪ್ಪಲ್ಲ, ನನ್ನದಂತೂ ಅಲ್ಲವೇ ಅಲ್ಲ. ಕಳೆದ ವರ್ಷ ಇದೇ ಕೋಣೆಯಲ್ಲಿ ನೀವೇ ಅಲ್ವಾ ಇವಳ ಎದೆಗೆ ಕಿವಿ ಕೇಳುವ ಈ ಪೆಟ್ಟಿಗೆ ಕಟ್ಟಿ, ಕಿವಿಗೆ ವಯರು ಸಿಕ್ಕಿಸಿದ್ದು? ನೆನಪುಂಟಲ್ಲ? ರತ್ನಾಕರ. ಎರ್ನಾಕುಲಂ ಬ್ಯಾಂಕಿನವ, ಊರು ಪುತ್ತೂರು. ನೀವು ಮೈಸೂರಿನವರು ಅಂತ ಗೊತ್ತಾದಾಗ ನನಗೆ ಎಷ್ಟು ಸಮಾಧಾನ ಆಗಿತ್ತು! ಈ ತಿರುವನಂತಪುರದಲ್ಲಿ ಕಿವಿ ಪರೀಕ್ಷೆ ಮಾಡುವವರು ಕನ್ನಡದವರೇ ಸಿಗುವುದು ಅಂದರೆ…

ಇವಳು ವಿಜಯಾ. ನಾವು ವಿಜಿ ಅನ್ನುವುದು. ವಿಜೀ, ಮೇಡಂಗೆ ನಮಸ್ಕಾರ ಮಾಡು! ನಮಸ್ಕಾರ! …ನೋಡಿದ್ರಾ? ಬಾಯಿ ನೋಡ್ತಾ ನಿಲ್ಲುವುದು, ಅಷ್ಟೇ. ಒಂದು ವರ್ಷ ಮೇಡಂ! ಒಂದು ವರ್ಷದಲ್ಲಿ ಒಂದು ಶಬ್ದ ಬಂದಿಲ್ಲ ಇವಳ ಬಾಯಲ್ಲಿ. ಒಂದೇ ಒಂದು! ಅದಕ್ಕೇ ರಜೆ ಹಾಕಿ ಬಸ್ಸು ಹತ್ತಿದ್ದು. ತಂಪಾನೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದವ ಒಂದು ಚಾಯ ಕೂಡ ಕುಡಿಯಲಿಲ್ಲ, ಸೀದಾ ಇಲ್ಲಿಗೆ ಬಂದೆ. ಇದನ್ನು ವಾಪಸು ತಗೊಳ್ಳಿ. ಇನ್ನೂ ಜೋರಿನದ್ದು ಕೊಡಿ. ಬೊಂಬಾಯಿಯಿಂದ ತರಿಸ್ತೀರೋ, ಜರ್ಮನಿಯಿಂದ ತರಿಸ್ತೀರೋ, ನಿಮಗೇ ಗೊತ್ತು.

ಯಾಕೆ ನಗ್ತೀರಿ? ಓ… ಅವಳ ಹತ್ತಿರ ನಗುವುದಾ. ಸರಿ, ನಗಿ.

ವೇದವತಿಯಾ? ಬರಲಿಲ್ಲ. ಮನೆಯಲ್ಲಿದ್ದಾಳೆ. ಹುಷಾರಾಗಿದ್ದಾಳೆ, ಅವಳಿಗೆ ಎಂತ ಆಗಿದೆ? ಕರಕೊಂಡು ಬಂದರೆ ಬಸ್ಸಲ್ಲಿ ಅಳುವುದು, ಇಲ್ಲಿ ಬಂದು ನಿಮ್ಮೆದುರು ಅಳುವುದು. ತಾಯಿ ಅಳುತ್ತಾ ಕೂತರೆ ಮಗು ಮಾತು ಕಲಿಯುತ್ತದಾ, ನೀವೇ ಹೇಳಿ.

ಓಹೋ, ಅದೇ ಮಣಿ ಆಟ. ಆಡಿಸಿ, ಆಡಿಸಿ. ನೀವು ಬೆನ್ನ ಹಿಂದೆ ಡೋಲು ಬಡಿಯುವುದು, ಸದ್ದು ಕೇಳಿದಾಗಲೆಲ್ಲ ಇವಳು ಒಂದು ಮಣಿ ಡಬ್ಬಿಗೆ ಹಾಕುವುದು. ಗೊತ್ತುಂಟು. ಇವಳು ಹಾಕುವವಳಲ್ಲ. ಕಳೆದ ಸಲವೂ ಹಾಕಿರಲಿಲ್ಲ… ಹಾಕಿದ್ದಳಾ? ಎಲ್ಲವನ್ನೂ? ಮೆಲ್ಲ ಬಡಿದದ್ದಕ್ಕೂ? …ಇರಬಹುದು ಮಾರಾಯ್ರೆ. ಆವತ್ತು ನನ್ನ ಮುಖ ನೋಡಿ ಹಾಕಿರಬಹುದು. ಮಕ್ಕಳು ಭಾರೀ ಕಳ್ಳರು.

ನಿಮಗೆ ಒಂದು ಹೇಳ್ತೇನೆ. ನಾವಿರುವುದು ಎರ್ನಾಕುಲಂನಲ್ಲಿ, ವೈಟ್ಟಿಲದ ಹತ್ತಿರ. ಪಕ್ಕದ ಮನೆ ಚೇಚಿ ಒಳ್ಳೆಯವಳೇ, ಪುಟ್ಟು ಮಾಡಿದ ದಿನ ಕಳಿಸಿಕೊಡ್ತಾಳೆ. ಒಂದು ದಿನ ನಾನು ಬ್ಯಾಂಕಿನಿಂದ ಬರುವಾಗ ಅವಳು ಇನ್ಯಾರಿಗೋ ದಾರಿ ಹೇಳುತ್ತಾ ಇದ್ದಳು. 'ಪೊಟ್ಟಿಯ ಮನೆ ಉಂಟಲ್ಲ, ಅದರ ಆಚೆಯದ್ದು.' ಪೊಟ್ಟಿ! ಮಲಯಾಳದಲ್ಲಿ ಕಿವುಡಿಗೂ ಪೆದ್ದಿಗೂ ಒಂದೇ ಶಬ್ದ ಮೇಡಂ. ನಮ್ಮ ತುಳುವಿನಲ್ಲೂ ಅದೇ ಶಬ್ದ, ಹಾಗಾಗಿ ಅರ್ಥ ಆಗಲಿಲ್ಲ ಅಂತ ನಟಿಸುವ ಹಾಗೂ ಇಲ್ಲ. ನಾನು ಇಡೀ ಬ್ಯಾಂಕಿನಲ್ಲಿ ಅಕೌಂಟೆಂಟು. ನೂರು ಜನ ಎದ್ದು ನಿಂತು 'ಸಾರೇ' ಅಂತಾರೆ. ನನ್ನ ಮನೆಗೆ ಗುರುತು ಎಂತದ್ದು? ಪೊಟ್ಟಿಯ ಮನೆ!

ಆವತ್ತೇ ನಿಶ್ಚಯ ಮಾಡಿದೆ. ಇವಳು ಮಾತಾಡಲೇಬೇಕು. ದಿನಾ ಬೆಳಿಗ್ಗೆ ಸ್ಟೂಲಿನ ಮೇಲೆ ಕೂರಿಸಿ ಪೆಟ್ಟಿಗೆಗೆ ಬಾಯಿ ಇಟ್ಟು ಹೇಳಿಕೊಟ್ಟೆ. ನೀರು! ಅನ್ನ! ಬಾಗಿಲು! ಹೇಳಿದರೆ ತಿಂಡಿ, ಇಲ್ಲದಿದ್ದರೆ ಇಲ್ಲ. ಸಂಜೆ ರೇಡಿಯೋ ಜೋರು ಮಾಡಿ ಅದರ ಎದುರು ಕೂರಿಸಿದೆ. ಕೈಸನ್ನೆ ಮಾಡಿದರೆ ಕೈ ಮೇಲೆ ಸ್ಕೇಲಿನಲ್ಲಿ ಒಂದು. ನೀವೇ ಹೇಳಿದ್ದಲ್ವಾ, ಸನ್ನೆ ಅಭ್ಯಾಸ ಆದರೆ ಮಾತು ನಿಧಾನ ಆಗಬಹುದು ಅಂತ? ಹೊಡೀರಿ ಅಂತ ಹೇಳಲಿಲ್ಲ, ಅದು ಹೌದು. ಎಲ್ಲವನ್ನೂ ಡಾಕ್ಟ್ರು ಬರೆದು ಕೊಡುತ್ತಾರಾ? ತಂದೆಯಾದವ ಸ್ವಲ್ಪ ತಾನೇ ತಿಳಕೊಳ್ಳಬೇಕು.

ಬಡೀರಿ ಮೇಡಂ, ಇನ್ನೂ ಜೋರು ಬಡೀರಿ. …ಅಬ್ಬಾ! ನನಗೇ ಎದೆ ಹಾರಿತು. ಅವಳನ್ನು ನೋಡಿ! ಮಣಿಯನ್ನು ಕೆನ್ನೆಗೆ ಒತ್ತಿಕೊಂಡು ಕಾಯುತ್ತಾ ಕೂತಿದ್ದಾಳೆ ಮಹಾರಾಯಿತಿ. ವಿಜೀ, ಹಾಕು! ಡಬ್ಬಿಗೆ ಹಾಕು! ತಡೀರಿ, ನಾನು ಹಾಕಿಸ್ತೇನೆ, ಇವಳ ಕೈಯನ್ನು ಹೀಗೆ… ಯಾಕೆ? …ಸರಿ. ಸರಿ, ಮುಟ್ಟುವುದಿಲ್ಲ. ಅಷ್ಟು ಸಿಟ್ಟು ಯಾಕೆ ನಿಮಗೆ?

ಪೆಟ್ಟಿಗೆಯ ಚೀಲ ಬಿಚ್ಚುತ್ತೀರಾ? ಗಂಟು ಬೆನ್ನ ಹಿಂದೆ ಉಂಟು. ಮುಂದೆ ಇಟ್ಟರೆ ಅವಳೇ ಬಿಚ್ಚಿ ಎಸೆಯುತ್ತಿದ್ದಳು, ಅದಕ್ಕೆ ಹಿಂದೆ ಕಟ್ಟಿದ್ದು. ಗಟ್ಟಿ ಉಂಟು, ಕತ್ತರಿ ತಗೊಳ್ಳಿ.

ಅದಾ? ಅದು ಅರಗು ಮೇಡಂ. ಲಕೋಟೆಗೆ ಹಾಕುತ್ತೇವಲ್ಲ ಬ್ಯಾಂಕಿನಲ್ಲಿ, ಆ ಕೆಂಪು ಅರಗು. ಮಗುವಿನ ಮೈಮೇಲೆ ಇರುವಾಗ ಹಾಕಿದ್ದಲ್ಲ, ಹೆದರಬೇಡಿ, ನಾನೇನು ರಾಕ್ಷಸನಾ? ಮೇಜಿನ ಮೇಲಿಟ್ಟು ಹಾಕಿದ್ದು. ಸದ್ದು ಹೆಚ್ಚುಕಡಿಮೆ ಮಾಡುವ ಚಕ್ರ ತಿರುಗಬಾರದು ಅಂತ. ಮೇಲೆ ಮೊಹರು ಒತ್ತಿದ್ದು ಯಾಕೆಂದರೆ, ಯಾರಾದರೂ ಕಿತ್ತರೆ ನನಗೆ ಸಂಜೆ ಗೊತ್ತಾಗಬೇಕಲ್ಲ.

ಯಾರು ಅಂತ ಕೇಳ್ತೀರಾ? ವೇದವತಿ! ನಾನು ಆಚೆ ಬ್ಯಾಂಕಿಗೆ ಹೋದದ್ದೇ, ಈಚೆ ಅವಳು ಚಕ್ರ ಇಳಿಸಿಬಿಡುವುದು. ಒಮ್ಮೊಮ್ಮೆ ಪೆಟ್ಟಿಗೆಯನ್ನೇ ಬಿಚ್ಚಿಟ್ಟು, ತಾಯಿಮಗಳು ಅಂಗಳದಲ್ಲಿ ಕೈಯಾಡಿಸಿಕೊಂಡು ನಗುತ್ತಾ ಕೂತದ್ದನ್ನು ನಾನೇ ಕಣ್ಣಾರೆ ನೋಡಿದ್ದು. ಕೇಳಿದರೆ 'ಮಗುವಿಗೆ ನೋಯ್ತದೆ' ಅನ್ನುವುದು. ನೋವಂತೆ! ಶಬ್ದದಲ್ಲಿ ನೋವು ಎಲ್ಲಿಂದ ಬಂತು? ಕಿವಿ ಕೇಳುವ ನಮಗೆ ನೋಯದ್ದು ಕಿವುಡಿಗೆ ನೋಯ್ತದಾ?

ಹೌದು, ಚಕ್ರ ಹತ್ತರಲ್ಲಿ. ಪೂರ್ತಿ. ನೀವು ಮೂರರಲ್ಲಿ ಇಡಿ ಅಂದಿರಿ, ಒಪ್ಪಿದೆ. ಆದರೆ ಮೂರರಲ್ಲಿ ಅಷ್ಟು ಕೇಳುತ್ತದೆ ಅಂದಮೇಲೆ ಹತ್ತರಲ್ಲಿ ಎಷ್ಟು ಕೇಳಬೇಕು! ಸರಳ ಲೆಕ್ಕ. ಕಣ್ಣು ಪಿಳುಕಿಸಿದರೆ ಕೂಡಲೇ ಇಳಿಸಿ ಅಂದಿದ್ದಿರಿ, ಅದೂ ನೆನಪುಂಟು. ಪಿಳುಕಿಸಿದಳು, ಯಾಕೆ ಪಿಳುಕಿಸುವುದಿಲ್ಲ? ನನಗೆ ಖುಷಿಯೇ ಆಯಿತು. ಕಣ್ಣು ಪಿಳುಕಿಸುತ್ತಾಳೆ ಅಂದರೆ ಕೇಳಿತು ಅಂತ ಅರ್ಥ ಅಲ್ವಾ? ಕೇಳುವುದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು?

ಹ್ಞಾಂ, ನೀವೇ ನಿಮ್ಮ ಕಿವಿಗೆ ಇಟ್ಟು ನೋಡಿ. ಆಗ ಗೊತ್ತಾಗ್ತದೆ ಅದು ಕೆಟ್ಟುಹೋಗಿದೆ ಅಂತ. ಹಲೋ! ಹಲೋ!… ಅಯ್ಯೋ! ಎಂತಾಯ್ತು ಮೇಡಂ? ಯಾಕೆ ಕಿತ್ತು ಎಸೆದ್ರಿ? ಕಿವಿ ಮುಚ್ಚಿಕೊಂಡು… ನೀರು ಬೇಕಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಕಣ್ಣಲ್ಲಿ ನೀರು ಬಂತಲ್ಲ ನಿಮಗೆ!

ಅಂದರೆ… ಮೆಷಿನ್ನು ಸರಿ ಉಂಟು ಅಂತಾಯ್ತು.

ಸರಿ ಉಂಟಾದರೆ ಇವಳಿಗೆ ಯಾಕೆ ಕೇಳುವುದಿಲ್ಲ? ನಿಮ್ಮ ಡೋಲಿಗೆ ಯಾಕೆ ಮಣಿ ಹಾಕಲಿಲ್ಲ? ಹೇಳಿ. ನೀವಲ್ವಾ ಓದಿದವರು?

…ಯಾಕೆ ನನ್ನನ್ನು ಹಾಗೆ ನೋಡ್ತೀರಿ? ನನ್ನನ್ನಲ್ಲ, ಮಗುವನ್ನು ನೋಡಿ. ಪರೀಕ್ಷೆ ಮಾಡಿ. ಸುಮ್ಮನೆ ಅವಳ ತಲೆ ಸವರುತ್ತಾ ಕೂತರೆ? ಮಧ್ಯಾಹ್ನದ ಮೇಲೆ ನನಗೆ ವಾಪಸು ಹೋಗಬೇಕು.

ಸರಿ, ಕೇಳಿ. ಒಂದು ಶಬ್ದವೂ ಬಂದಿಲ್ಲ ಅಂದೆನಲ್ಲ, ಅದು… ಹಾಗೆ ಪೂರ್ತಿ ಹೇಳುವ ಹಾಗಿಲ್ಲ. ಮಾತಾಡುತ್ತಾಳೆ ಅಂತ ಹೇಳಿದರೆ ನೀವು ಇದೇ ಸಾಕು, ಬೇರೆ ಕೊಡುವುದಿಲ್ಲ ಅಂತೀರಿ ಅಂದುಕೊಂಡೆ. ಮತ್ತೆ ಅದನ್ನು ಮಾತು ಅಂತ ಹೇಳುವುದಾದರೂ ಹೇಗೆ? ನಾನು ಕಲಿಸಿದ್ದಲ್ಲ ಅದು. ಹಠದ್ದು. ಬೆಳಿಗ್ಗೆ ನಾನು ಪೆಟ್ಟಿಗೆ ಹಿಡಿದುಕೊಂಡು ಹೋದ ಕೂಡಲೇ ಗೋಡೆಗೆ ಒತ್ತಿ ನಿಂತು ಹೇಳುತ್ತಿದ್ದಳು. 'ಅಪ್ಪಾ, ಬೇದ.'

ಬೇಡ ಅಂತ. ಡ ಬರುತ್ತಿರಲಿಲ್ಲ.

ನಾನು ಬಿಡಲಿಲ್ಲ. ಪೆಟ್ಟಿಗೆ ಕಟ್ಟಿ, ಅದಕ್ಕೆ ಬಾಯಿ ಇಟ್ಟು, 'ದ ಅಲ್ಲ, ಡ! ನಾಲಗೆ ಮೇಲೆ ಮಡಿಸು! ಬೇ-ಡ!' ಅಂತ ತಿದ್ದಿದೆ. ಅವಳು ಅಳುತ್ತಾ ಅಳುತ್ತಾ ಹೇಳಿದಳು. ಕೆಲವೇ ದಿನದಲ್ಲಿ ಡ ಬಂತು ನೋಡಿ! ಸ್ವಚ್ಛ ಬಂತು. 'ಅಪ್ಪಾ, ಬೇಡ. ಬೇಡ ಅಪ್ಪಾ.' ಪಕ್ಕದ ಮನೆಗೂ ಕೇಳುವ ಹಾಗೆ. ವೇದವತಿ ಅಡಿಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಏನು ಮೇಡಂ?

ದ ಯಾವುದು ಡ ಯಾವುದು ಅಂತ ಗೊತ್ತಾಗಬೇಕಾದರೆ ಕಿವಿ ಕೇಳಬೇಕು. ಅದು ನನಗೂ ಗೊತ್ತುಂಟು. ನನಗೂ ತಲೆ ಉಂಟು. ಆಗ… ಆಗ ಕೇಳುತ್ತಿತ್ತು ಅಂತ ಇಟ್ಟುಕೊಳ್ಳಿ.

ಆಮೇಲೆ, ಮಳೆ ಶುರುವಾಗುವ ಹೊತ್ತಿಗೆ, ಹೇಳುವುದನ್ನು ನಿಲ್ಲಿಸಿದಳು. ಒಂದು ಬೆಳಿಗ್ಗೆ ನಾನು ಹೋದರೆ ಗೋಡೆಯ ಹತ್ತಿರ ಓಡಲಿಲ್ಲ. ಅಳಲಿಲ್ಲ. ತಾನೇ ಬಂದು ಕುತ್ತಿಗೆ ಬಗ್ಗಿಸಿ ನಿಂತಳು, ಕಟ್ಟು ಅನ್ನುವ ಹಾಗೆ. ಕಟ್ಟಿದೆ. ಪೆಟ್ಟಿಗೆಗೆ ಬಾಯಿ ಇಟ್ಟು ಅವಳ ಹೆಸರು ಕೂಗಿದೆ. ನನ್ನ ಮುಖ ನೋಡಿ ನಕ್ಕಳು ಮೇಡಂ! ನಾನು ವೇದವತಿಯನ್ನು ಕರೆದು ತೋರಿಸಿದೆ. ನೋಡು, ನೋವಂತೆ ನೋವು, ಈಗ ಎಲ್ಲಿ ಹೋಯಿತು ನಿನ್ನ ನೋವು? ನೋಡು, ಒಗ್ಗಿತು ಇವಳಿಗೆ!

ಒಗ್ಗಿದ್ದೇ ಅಲ್ವಾ ಅದು?

…ಮೇಡಂ? ಒಗ್ಗಿದ್ದೇ ಅಲ್ವಾ?