ಖಾಲಿ ಕೊಡ ಹಿಡಿದು ವಾಕಿಂಗ್

ಸೊರಬದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ವಯಸ್ಸಾದ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕನ ಮಡಿಲಲ್ಲಿ ಎಕ್ಸ್‌ರೇ ಕವರ್ ಇತ್ತು.

“ಮೂಳೆ ಸವೆದಿದೆ, ದಿನಾ ಅರ್ಧ ಗಂಟೆ ನಡೀರಿ ಅಂತ ಡಾಕ್ಟ್ರು ಹೋದ ಸಲಾನೂ ಹೇಳಿದ್ರಲ್ಲ ಅಕ್ಕ. ಯಾಕೆ ಬಿಟ್ಟೆ?”

“ಸುಮ್ನೆ ನಡೆದ್ರೆ ಊರೋರೆಲ್ಲ ಎಲ್ಲಿಗೆ, ಎಲ್ಲಿಗೆ ಅಂತ ಕೇಳ್ತಾರೆ. ಅದಕ್ಕೇ ನೀರಿಗೆ ಹೋಗೋರ ಥರ ಕೊಡ ಹಿಡ್ಕೊಂಡು ಹೊರಟೆ.”

“ಭಾರ ಎತ್ತಬಾರ್ದು ಅಂದಿದಾರೆ!”

“ಖಾಲಿ ಕೊಡನೇ ಕಣೆ, ಹಾಗೇ ವಾಪಸ್ ತರ್ತಿದ್ದೆ. ಒಂದಿನ ಪರಮಶಿವಪ್ಪ ಮಗಳಿಗೆ ಗಂಡು ನೋಡಕ್ಕೆ ಹೊರಟಿದ್ದ. ಎದುರಿಗೆ ಖಾಲಿ ಕೊಡ ಕಂಡು ಮನೆಗೆ ತಿರುಗಿಬಿಟ್ಟ. ಆ ಸಂಬಂಧ ತಪ್ಪಿಹೋಯ್ತು. ಅವನ ಹೆಂಡ್ತಿ ಇವತ್ತಿಗೂ ನನ್ನ ಮಾತಾಡ್ಸಲ್ಲ.”

“ಈಗ?”

“ಜಗುಲಿ ಮೇಲೆ ನಡೀತೀನಿ. ಗೋಡೆಯಿಂದ ಗೋಡೆಗೆ ಹದಿಮೂರು ಹೆಜ್ಜೆ. ಅದಕ್ಕೂ ಸೊಸೆ ಬಿಡಲ್ಲ. ಬಿದ್ದು ಮುರ್ಕೋತೀರಿ, ಕೂತ್ಕೊಳ್ಳಿ ಅಂತಾಳೆ.”

ಜಡೆ ಊರಿಗೆ ಹೋಗುವ ಬಸ್ಸು ಬಂದು ನಿಂತಿತು. ತಂಗಿ ಚೀಲ ಎತ್ತಿಕೊಂಡರು.

“ನೀನು ಸೀಟು ಹಿಡಿ. ನಾನು ಆ ತುದಿವರೆಗೆ ಹೋಗಿ ಬರ್ತೀನಿ. ಇಲ್ಲಿ ಯಾರೂ ಕೇಳಲ್ಲ.”

ಅಕ್ಕ ನಾಲ್ಕು ಹೆಜ್ಜೆ ಹೋಗಿದ್ದರಷ್ಟೆ. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಕೂಗಿದ.

“ಎಲ್ಲಿಗಮ್ಮಾ?”

ಅಕ್ಕ ತಿರುಗಿ ಬಂದು ಬಸ್ ಹತ್ತಿದರು.